ದಿಲ್ಲಿಗೆ ತೋರಿಸಲು ಒಣಗಿಸಿದ ಗದ್ದೆ

ನಮ್ಮತ್ತೆ ಸಿದ್ದಲಿಂಗಮ್ಮ ಬೆಳಗ್ಗೆ ಎದ್ದು ಮೊದಲು ಅನುಮಾನ ಪಡುತ್ತಿದ್ದದ್ದು ಹಸುವಿನ ಮೇಲೆ. ಹಾಲನ್ನು ಕರುವಿಗೆಂದು ಮೇಲಕ್ಕೆ ಎಳೆದುಕೊಂಡಿದೆ ಎಂದು ಅದರ ಬೆನ್ನಿಗೊಂದು ಗುದ್ದುತ್ತಿದ್ದರು. ಎರಡನೆಯ ಅನುಮಾನ ಡೈರಿಯಲ್ಲಿ ಹಾಲು ಅಳೆಯುವವನ ಮೇಲೆ. ಮೂರನೆಯದು ನನ್ನ ಮೇಲೆ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ೧೯೮೮ರಲ್ಲಿ, ನಾಗಮಂಗಲದ ಕಡೆಯ ರಾಗಿ ಹೊಲದ ಊರಿನಿಂದ. ಅರಕೆರೆ ಪಕ್ಕದ ಈ ನಾಲೆ ಸೀಮೆಗೆ ಬಂದು ಇಷ್ಟು ವರ್ಷವಾದರೂ ಆ ಸಾಲಿನಲ್ಲಿ ನನ್ನ ಜಾಗ ಬದಲಾಗಲೇ ಇಲ್ಲ.

ಬಂದ ಹೊಸದರಲ್ಲಿ ನಾನು ಪಾತ್ರೆ ತೊಳೆಯುವಾಗ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೀರು ಕಾಣದ ಸೀಮೆಯವಳು, ಕಂಡ ತಕ್ಷಣ ಸುರಿದು ಖಾಲಿ ಮಾಡುತ್ತಾಳೆ ಎಂದು ಪಕ್ಕದ ಮನೆ ಬೆಟ್ಟಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನ ಹಠಕ್ಕೆ ಬಿದ್ದು ಇಡೀ ಅನ್ನದ ತಪ್ಪಲೆಯನ್ನು ಎರಡು ಬೊಗಸೆ ನೀರಿನಲ್ಲಿ ತೊಳೆದಿಟ್ಟೆ. ಅತ್ತೆ ಅದನ್ನು ಎತ್ತಿ ಮೂಸಿ ನೋಡಿ, ಸರಿಯಾಗಿ ತೊಳೆದೇ ಇಲ್ಲ ಅಂದರು. ಅವರ ಹತ್ತಿರ ಗೆಲ್ಲುವ ದಾರಿಯೇ ಇರಲಿಲ್ಲ.

ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿ. ದಿನಾ ಬೆಳಗ್ಗೆ ನಾನು ಹೋಗಿ ಇವತ್ತು ಇಷ್ಟು ಅಕ್ಕಿ ಬೇಕು, ಇಷ್ಟು ಬೇಳೆ ಬೇಕು ಎಂದು ಕೇಳಬೇಕು. ನಿನ್ನೆ ಕೊಟ್ಟದ್ದು ಏನಾಯಿತು, ಯಾರು ಯಾರು ಉಂಡರು, ಇವತ್ತು ಯಾರು ಬರುತ್ತಾರೆ, ಬರುವವರು ಉಂಡು ಬರುತ್ತಾರೋ ಹಾಗೇ ಬರುತ್ತಾರೋ, ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ಅವರು ತಾವೇ ಅಳೆದು ಹಾಕುತ್ತಿದ್ದರು. ಅದೂ ಸೇರಿನ ಬಾಯಿಗೆ ಅಂಗೈ ಎಳೆದು ಸಮ ಮಾಡಿ. ನನ್ನ ಗಂಡ ಲೋಕೇಶ್ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಬಳ ತಂದರೆ ಅವರೂ ಇದೇ ಪ್ರಶ್ನೆ ಎದುರಿಸಬೇಕು. ಮಗ ಎಂದು ರಿಯಾಯಿತಿ ಏನೂ ಇರಲಿಲ್ಲ.

ಇಂಥ ಅತ್ತೆಗೆ ರೇಡಿಯೋದ ಜೊತೆ ದಿನಾ ಜಗಳ. ೧೯೯೧ರಲ್ಲಿ ಪಕ್ಕದ ರಾಜ್ಯಕ್ಕೆ ವರ್ಷಕ್ಕೆ ಇಷ್ಟು ನೀರು ಬಿಡಲೇಬೇಕು ಎಂಬ ಆದೇಶ ಬಂದಾಗ ಸೊಪ್ಪು ಬಿಡಿಸುತ್ತಿದ್ದವರು ಸೊಪ್ಪನ್ನು ಅಲ್ಲೇ ಎಸೆದು ಎದ್ದು ನಿಂತರು. ನಮ್ಮ ಕನ್ನಂಬಾಡಿ ಕಟ್ಟೆಯ ತೂಬು ಎಷ್ಟು ಎತ್ತಬೇಕು ಎಂದು ದಿಲ್ಲಿಯಲ್ಲಿ ಕುಳಿತವನು ಹೇಳುವುದಾದರೆ ಕಟ್ಟೆಯನ್ನು ದಿಲ್ಲಿಯಲ್ಲೇ ಕಟ್ಟಿಕೊಳ್ಳಬೇಕಿತ್ತು ಎಂದು ಕೂಗಾಡಿದರು. ಆಮೇಲೆ ನಮ್ಮ ರಾಜ್ಯದವರು ನಮ್ಮ ನೀರಿಗೆ ನಾವೇ ಒಂದು ಕಾನೂನು ಮಾಡಿದರು, ಅದನ್ನು ದಿಲ್ಲಿಯ ಕೋರ್ಟು ಒಪ್ಪಲಿಲ್ಲ. ಅವತ್ತು ಅತ್ತೆ, ನಾವು ಮಾಡಿದ ಕಾನೂನು ನಡೆಯುವುದಿಲ್ಲ ಅನ್ನುವುದಾದರೆ ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಸೌಧವನ್ನು ಯಾತಕ್ಕೆ ಕಟ್ಟಿಸಿದ್ದಾರೆ, ಅದರಲ್ಲಿ ಭತ್ತವನ್ನಾದರೂ ತುಂಬಲಿ ಅಂದರು. ಈ ಮಾತು ನಮ್ಮೂರಲ್ಲಿ ಬಹಳ ದಿನ ಓಡಾಡಿತು.

ನಾನು ಒಳಗೆ ಒಲೆ ಮುಂದೆ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರು ದಿಲ್ಲಿಯನ್ನು ಬೈಯುತ್ತಾರಲ್ಲ, ನನ್ನ ಪಾಲಿಗೆ ಇವರೇ ದಿಲ್ಲಿ ಎಂದು ಒಂದು ದಿನ ಊಟಕ್ಕೆ ಬಡಿಸುವಾಗ ಗಂಡನ ಕಿವಿಯಲ್ಲಿ ಅಂದೆ. ಅವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು. ಏನು ನಗು ಎಂದು ಅತ್ತೆ ನಡುಮನೆಯಿಂದ ಕೇಳಿದಾಗ ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ನಮ್ಮಪ್ಪ ತಮ್ಮಯ್ಯ ಒಮ್ಮೆ ನನ್ನನ್ನು ನೋಡಲು ಬಂದವರು ಸುಮ್ಮನಿರದೆ ಒಂದು ಮಾತು ಆಡಿಬಿಟ್ಟರು. ನಿಮ್ಮ ನೀರನ್ನು ದಿಲ್ಲಿಯವರು ಕಿತ್ತುಕೊಂಡರು ಅನ್ನುತ್ತೀರಿ, ಸರಿ. ನಮ್ಮ ನಾಗಮಂಗಲಕ್ಕೆ ಕಾವೇರಿ ಬರಲೇ ಇಲ್ಲವಲ್ಲ, ಅದನ್ನು ಕಿತ್ತುಕೊಂಡವರು ಯಾರು ಎಂದು ಕೇಳಿದರು. ಅತ್ತೆ ಅವರ ಮುದ್ದೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದರು. ಅಪ್ಪ ಬಸ್ಸು ಹತ್ತಿದ ಮೇಲೆ, ನಿಮ್ಮಪ್ಪ ಚುರುಕಾದ ಮನುಷ್ಯ, ಹುಷಾರಾಗಿರಬೇಕು ಎಂದು ನನಗೇ ಎಚ್ಚರಿಕೆ ಹೇಳಿದರು.

ಆದರೆ ಇಷ್ಟೆಲ್ಲ ಅನುಮಾನದ ನಡುವೆ ಅತ್ತೆ ಒಂದನ್ನು ಕಾಪಾಡಿಕೊಂಡು ಬಂದಿದ್ದರು. ಅದು ಅವರ ಭತ್ತ. ಅವರ ತವರು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟ. ಮದುವೆಯಲ್ಲಿ ಹೆಣ್ಣಿಗೆ ಮಡಿಲಕ್ಕಿ ತುಂಬುತ್ತಾರಲ್ಲ, ಅದರೊಳಗೆ ಅವರ ತಾಯಿ ಗುಟ್ಟಾಗಿ ಎರಡು ಹಿಡಿ ಬಿತ್ತನೆ ಭತ್ತ ಸೇರಿಸಿ ಕಟ್ಟಿದ್ದರಂತೆ. ಹೋದ ಮನೆಯ ಅನ್ನ ಒಗ್ಗದಿದ್ದರೆ ನಿನ್ನದು ನಿನಗಿರಲಿ ಎಂದು. ಆ ಎರಡು ಹಿಡಿಯಿಂದ ಶುರುವಾದದ್ದು. ಅದಕ್ಕೆ ಹೆಸರೂ ಇರಲಿಲ್ಲ. ಮನೆಯಲ್ಲಿ ನಾವು ಅತ್ತೆ ಭತ್ತ ಅನ್ನುತ್ತಿದ್ದೆವು, ಅತ್ತೆ ನನ್ನ ಭತ್ತ ಅನ್ನುತ್ತಿದ್ದರು. ಕಂದು ಸಿಪ್ಪೆ, ಒಳಗೆ ಕೆಂಪಕ್ಕಿ. ಗಂಜಿ ಮಾಡಿದರೆ ಮನೆ ತುಂಬ ಘಮಘಮ. ಬಾಣಂತನದಲ್ಲಿ ನನಗೆ ಅದರ ಗಂಜಿಯನ್ನೇ ಕುಡಿಸಿದರು, ಅಳತೆ ಮಾಡದೆ. ಅದನ್ನು ಮಾತ್ರ ನಾನು ಮರೆಯುವುದಿಲ್ಲ.

ಊರಿನವರೆಲ್ಲ ಬೇಗ ಕೊಯ್ಲಿಗೆ ಬರುವ ಇಲಾಖೆಯ ಭತ್ತಕ್ಕೆ ತಿರುಗಿದ್ದರು. ನಮ್ಮ ಉಳಿದ ಗದ್ದೆಗೂ ಅದೇ. ಸರ್ಕಾರದ ಚೀಲದೊಳಗೆ ಏನಿರುತ್ತದೋ, ಅವರು ಕೊಡುವುದನ್ನು ನಿಲ್ಲಿಸಿದರೆ ಏನು ಮಾಡುತ್ತೀರಿ ಎಂದು ಅತ್ತೆ ಕೇಳುತ್ತಿದ್ದರು. ತಮ್ಮ ಭತ್ತವನ್ನು ರಸ್ತೆ ಗದ್ದೆಯಲ್ಲಿ ಮಾತ್ರ ನಾಟಿ ಮಾಡಿಸುತ್ತಿದ್ದರು. ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಸ್ತೆಗೆ ಅಂಟಿಕೊಂಡಂತೆ ಇರುವ ಆ ತುಂಡು ಅವರ ಹೆಸರಿನಲ್ಲೇ ಇತ್ತು, ಮಾವ ಸಾಯುವ ಮೊದಲು ಬರೆದುಕೊಟ್ಟಿದ್ದರು. ತೂಬಿನ ಮೊದಲ ನೀರು ಅದಕ್ಕೇ. ಕೊಯ್ಲಿಗೆ ಮೊದಲು ಅತ್ತೆ ಒಬ್ಬರೇ ಇಳಿದು ಒಳ್ಳೆಯ ತೆನೆಗಳನ್ನು ಆರಿಸಿ ಕೊಯ್ದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಗುಡಾಣದಲ್ಲಿಟ್ಟು ಬಾಯಿಗೆ ಸಗಣಿ ಮೆತ್ತುತ್ತಿದ್ದರು. ಹಳೆಯದಾದರೆ ಮೊಳೆಯುವುದಿಲ್ಲವಾದ್ದರಿಂದ ಪ್ರತಿವರ್ಷವೂ ಹೊಸದೇ ಆಗಬೇಕು. ಒಂದು ವರ್ಷ ತಪ್ಪಿದರೆ ಮುಗಿಯಿತು.

ಬೆಟ್ಟಮ್ಮ ಒಂದು ಸೇರು ಬಿತ್ತನೆ ಕೊಡಿ ಎಂದು ಎಷ್ಟೋ ಸಲ ಕೇಳಿದ್ದಳು. ಅತ್ತೆ ಕೊಡಲಿಲ್ಲ. ಅವಳು ಬೇರೆ ಭತ್ತದ ಜೊತೆ ಬೆರೆಸಿ ಜಾತಿ ಕೆಡಿಸುತ್ತಾಳೆ ಎಂದು ಅನುಮಾನ. ಸಿಂಧಘಟ್ಟದಲ್ಲಿ ಅವರ ಅಣ್ಣಂದಿರು ಆ ಭತ್ತವನ್ನು ಕೈಬಿಟ್ಟು ಯಾವುದೋ ಕಾಲವಾಗಿತ್ತು. ಹೀಗಾಗಿ ಆ ತಳಿ ಇದ್ದದ್ದು ನಮ್ಮ ಗುಡಾಣದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

೧೯೯೫ರಲ್ಲಿ ಮಳೆ ಕೈಕೊಟ್ಟಿತು. ಕಟ್ಟೆ ತುಂಬಲಿಲ್ಲ. ನಾಲೆಗೆ ನೀರು ತಡವಾಗಿ ಬಂತು, ಬಂದದ್ದೂ ಸರದಿಯ ಮೇಲೆ, ಒಂದಷ್ಟು ದಿನ ಬಿಡುವುದು, ಒಂದಷ್ಟು ದಿನ ಕಟ್ಟುವುದು. ಡಿಸೆಂಬರ್ ಬಂದರೂ ಅತ್ತೆಯ ಭತ್ತ ಆಗತಾನೇ ಹಾಲು ಕಟ್ಟುತ್ತಿತ್ತು. ಅಷ್ಟರಲ್ಲಿ ಪಕ್ಕದ ರಾಜ್ಯಕ್ಕೆ ಇನ್ನೂ ನೀರು ಬಿಡಬೇಕು ಎಂಬ ಮಾತು ದಿಲ್ಲಿಯಿಂದ ಬಂತು. ರಸ್ತೆ ತಡೆ ಆಯಿತು, ಬಸ್ಸು ನಿಂತವು. ಗಲಾಟೆ ಜಾಸ್ತಿಯಾದ ಮೇಲೆ, ಎರಡೂ ಕಡೆಯ ಬೆಳೆ ಹೇಗಿದೆ, ಯಾರಿಗೆ ಎಷ್ಟು ನೀರು ಬೇಕು ಎಂದು ಕಣ್ಣಾರೆ ನೋಡಲು ದಿಲ್ಲಿಯಿಂದ ಒಂದು ತಂಡ ಬರುತ್ತದೆ, ನಮ್ಮ ರಸ್ತೆಯಲ್ಲೇ ಹಾದುಹೋಗುತ್ತದೆ ಎಂದು ಸುದ್ದಿಯಾಯಿತು.

ಆ ಸಂಜೆ ಡೈರಿಯ ಅಂಗಳದಲ್ಲೇ ಸಭೆ ಸೇರಿತು. ಹಾಲು ಹಾಕಲು ಹೋಗಿದ್ದ ನಾವು ಹೆಂಗಸರೂ ಕ್ಯಾನು ಹಿಡಿದು ಅಲ್ಲೇ ನಿಂತೆವು. ಮಾತು ಶುರು ಮಾಡಿದವರು ಶಿವಲಿಂಗಯ್ಯ ದೊಡ್ಡಪ್ಪ. ಅವರು ನಮ್ಮ ಮಾವನ ಅಣ್ಣ, ಅತ್ತೆಗೆ ಬಾವ. ನೀರಿನ ಹೋರಾಟ ಅಂದರೆ ಊರಲ್ಲಿ ಮೊದಲು ಹಸಿರು ಟವಲ್ ಹೆಗಲಿಗೆ ಹಾಕುವವರು, ಲಾಠಿ ಏಟು ತಿಂದು ಬಂದವರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅವರು ಹೇಳಿದ್ದು ಇಷ್ಟು: ದಿಲ್ಲಿಯವರು ಕಾರಿನಲ್ಲಿ ಹೋಗುವವರು, ರಸ್ತೆ ಬದಿ ಕಂಡದ್ದನ್ನೇ ನಂಬುತ್ತಾರೆ. ರಸ್ತೆ ಬದಿ ಹಸಿರು ಕಂಡರೆ ಇವರಿಗೆ ನೀರು ಬೇಕಾದಷ್ಟಿದೆ ಎಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ಬರುವ ಸರದಿಯಲ್ಲಿ ರಸ್ತೆ ಕಡೆಯ ತೂಬು ಮುಚ್ಚಿ ಆ ನೀರನ್ನು ಒಳಗಿನ ಗದ್ದೆಗಳಿಗೆ ಬಿಡಬೇಕು. ಬಿರುಕು ಬಿಟ್ಟ ಗದ್ದೆ ಕಂಡರೆ ಎಂಥವರ ಕರುಳೂ ಚುರುಕ್ ಅನ್ನುತ್ತದೆ.

ಎಲ್ಲರೂ ತಲೆಯಾಡಿಸಿದರು. ಸುತ್ತಲಿನ ಊರುಗಳಲ್ಲೂ ಇದನ್ನೇ ಮಾಡುತ್ತಿದ್ದಾರೆ ಎಂದು ಯಾರೋ ಅಂದರು. ರಸ್ತೆ ಕಡೆಯ ತೂಬಿನಲ್ಲಿ ಆಗ ಇನ್ನೂ ಎಳೆಯದಾಗಿ ನಿಂತಿದ್ದ ಬೆಳೆ ನಮ್ಮ ಅತ್ತೆಯದೊಂದೇ. ಉಳಿದವರದು ಕೊಯ್ಲಿಗೆ ಹತ್ತಿರ ಬಂದಿತ್ತು, ನೀರು ನಿಂತರೂ ಅವರಿಗೆ ಅಷ್ಟು ನಷ್ಟವಿಲ್ಲ. ಒಳಗಿನ ಗದ್ದೆಯವರಿಗಂತೂ ಲಾಭವೇ. ಇದನ್ನೆಲ್ಲ ಅತ್ತೆ ನಿಂತ ನಿಲುವಿನಲ್ಲೇ ಅಳೆದುಬಿಟ್ಟರು ಎಂದು ಅವರ ಮುಖ ನೋಡಿಯೇ ನನಗೆ ತಿಳಿಯಿತು. ಬಾವನ ಎದುರು ಅವರು ಯಾವತ್ತೂ ಗಟ್ಟಿಯಾಗಿ ಮಾತಾಡಿದವರಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದರು.

"ಬಾವ, ಒಂದ್ ಮಾತು. ದಿಲ್ಲಿಯೋರು ನಮ್ ನೀರ್ ಕಿತ್ಕಂಡು ಪಕ್ಕದೋರ್ಗೆ ಕೊಡ್ತಾವ್ರೆ ಅಂತ ನೀವು ಬೈತೀರಿ. ಈಗ ನನ್ ನೀರ್ ಕಿತ್ಕಂಡು ಒಳಗ್ಲೋರ್ಗೆ ಕೊಡ್ತಾ ಇವ್ರಿ. ಇದ್ಕೇನಂತೀರಿ?"

"ಇದು ಊರ್ಗಾಗಿ ಕಣವ್ವ," ಅಂದರು ದೊಡ್ಡಪ್ಪ.

"ಅವ್ರೂ ದೇಸಕ್ಕಾಗಿ ಅಂತಾರಲ್ಲ ಬಾವ."

ಗುಂಪಿನಲ್ಲಿದ್ದ ಒಬ್ಬ, ಹೋದ ಭತ್ತಕ್ಕೆ ಬದಲು ಊರೆಲ್ಲ ಸೇರಿ ಭತ್ತ ಕೊಟ್ಟರಾಯಿತು ಅಂದ. ಅತ್ತೆ ಅವನ ಕಡೆ ತಿರುಗಿಯೂ ನೋಡದೆ, ಭತ್ತ ಕೊಡುತ್ತೀರಿ, ನನ್ನ ಭತ್ತವನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಒಂದೇ ಒಂದು ವರ್ಷ ಬೆಳೆ ತಪ್ಪಿದರೆ ಬಿತ್ತನೆ ಸಿಗುವುದಿಲ್ಲ, ಅದರೊಂದಿಗೆ ಆ ತಳಿಯೇ ಮುಗಿಯುತ್ತದೆ ಎಂದು ಬಿಡಿಸಿ ಹೇಳಿದರು.

ಆಗ ಶಿವಲಿಂಗಯ್ಯ ದೊಡ್ಡಪ್ಪ ಒಂದು ಕೆಲಸ ಮಾಡಿದರು. ಹೆಗಲ ಮೇಲಿನ ಹಸಿರು ಟವಲ್ ತೆಗೆದು ಎರಡೂ ಕೈಯಲ್ಲಿ ಅಗಲಿಸಿ ಅತ್ತೆಯ ಮುಂದೆ ಒಡ್ಡಿದರು. ಬಾವನಾದವನು ತಮ್ಮನ ಹೆಂಡತಿಯ ಮುಂದೆ ಟವಲ್ ಒಡ್ಡುವುದು ನಮ್ಮ ಕಡೆ ಯಾರೂ ಕಂಡು ಕೇಳಿದ್ದಲ್ಲ. ಊರಿನ ಮಾನ ನಿನ್ನ ಕೈಲಿದೆ ತಾಯಿ ಅಂದರು. ಅತ್ತೆ ಆ ಟವಲನ್ನು ನೋಡುತ್ತಾ ನಿಂತರು. ಒಂದು ಮಾತೂ ಆಡದೆ ಖಾಲಿ ಕ್ಯಾನು ಎತ್ತಿಕೊಂಡು ಮನೆಗೆ ನಡೆದರು. ಅದನ್ನೇ ಎಲ್ಲರೂ ಒಪ್ಪಿಗೆ ಎಂದುಕೊಂಡರು. ದಾರಿಯುದ್ದಕ್ಕೂ ನಾನು ದೊಡ್ಡಪ್ಪನನ್ನು ಬೈದೆ, ಟವಲ್ ಒಡ್ಡಿ ದರೋಡೆ ಮಾಡುತ್ತಾರೆ ಅಂದೆ. ಅತ್ತೆ ನನಗೆ ಸುಮ್ಮನಿರಲು ಹೇಳಿದರು.

ತೂಬು ಮುಚ್ಚಿದರು. ಗದ್ದೆಯ ನೆಲ ಮೊದಲು ಗಟ್ಟಿಯಾಯಿತು, ಆಮೇಲೆ ಬಿರುಕು ಬಿಟ್ಟಿತು. ಗರಿಯ ತುದಿ ಹಳದಿಯಾಗಿ ಸುರುಟಿಕೊಂಡಿತು. ಬಸ್ಸಿನಲ್ಲಿ ಹೋಗುವವರೆಲ್ಲ ಅಯ್ಯೋ ಎಂದು ನೋಡುತ್ತಿದ್ದರು. ಊರಿನವರಿಗೆ ಅದನ್ನು ಕಂಡರೆ ಒಳಗೊಳಗೇ ಸಮಾಧಾನ, ಚೆನ್ನಾಗಿ ಒಣಗುತ್ತಿದೆ ಅನ್ನುತ್ತಿದ್ದರು. ಬೆಳೆ ಒಣಗುವುದನ್ನು ನೋಡಿ ಸಮಾಧಾನಪಡುವ ಕಾಲ ಬಂತಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮತ್ತೆ ಊರನ್ನು ಪೂರ್ತಿ ನಂಬಿದರು ಎಂದುಕೊಂಡರೆ ನೀವು ಅವರನ್ನು ಅರ್ಥ ಮಾಡಿಕೊಂಡಿಲ್ಲ. ರಸ್ತೆ ಗದ್ದೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯುತ್ತದೆ. ಕಟ್ಟಕಡೆಯ ಮೂಲೆಯಲ್ಲಿ ಒಂದು ಸಣ್ಣ ತಾಕು, ನಮ್ಮ ನಡುಮನೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ತಗ್ಗಿನಲ್ಲಿರುವುದರಿಂದ ರಸ್ತೆಗೆ ಕಾಣಿಸುವುದಿಲ್ಲ, ಎರಡು ಕಡೆ ಕಬ್ಬು ಬೇರೆ. ಅದರಾಚೆ, ಗದ್ದೆಗಳಿಂದ ಬಸಿದ ನೀರು ಹೋಗುವ ಹಳ್ಳದ ಗುಂಡಿಯಲ್ಲಿ ಇನ್ನೂ ಒಂದಿಷ್ಟು ನೀರು ನಿಂತಿತ್ತು. ತೂಬು ಮುಚ್ಚಿದ ಮಾರನೆಯ ಬೆಳಗ್ಗೆ ಅತ್ತೆ ನನ್ನ ಕೈಗೊಂದು ಕೊಡ ಕೊಟ್ಟರು. ಯಾರಿಗೂ ಹೇಳಬೇಡ, ಗಂಡನಿಗೂ ಹೇಳಬೇಡ ಅಂದರು. ಮೂಲೆಯ ಆ ತಾಕು ಒಂದು ಬದುಕಿದರೆ ಮುಂದಿನ ವರ್ಷದ ಬಿತ್ತನೆಗೆ ಸಾಕು ಎಂಬುದು ಅವರ ಲೆಕ್ಕ.

ದಿನಾ ಬೆಳಗ್ಗೆ, ಮೊದಲ ಬಸ್ಸಿನ ಸದ್ದು ಕೇಳುವ ಮೊದಲೇ ನಾವಿಬ್ಬರೂ ಹೊತ್ತು ಹಾಕಿದೆವು. ನನಗೆ ಸೊಂಟ ಹಿಡಿದುಕೊಂಡಿತು. ಅತ್ತೆಗೆ ವಯಸ್ಸಾಗಿತ್ತು, ಬದುವಿನ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದರು, ಕೊಡ ಕೊಡಿ ಅಂದರೆ ಕೊಡುತ್ತಿರಲಿಲ್ಲ. ನಾನು ದಾರಿಯಲ್ಲಿ ಚೆಲ್ಲುತ್ತೇನೆ ಎಂದು ಅಲ್ಲೂ ಅನುಮಾನ. ಆದರೆ ಒಂದು ಬೆಳಗ್ಗೆ ತಾಕಿನ ಅಂಚಿನಲ್ಲಿ ಕುಳಿತು, ನಾನು ಹೋದ ಮೇಲೆ ಈ ಭತ್ತ ನಿನ್ನದು ಕಣಮ್ಮಿ ಅಂದರು. ನಾನು ಮತ್ತೊಂದು ಕೊಡ ತುಂಬಲು ಹೋದೆ. ಅಲ್ಲಿ ನಿಂತು ಅತ್ತುಬಿಟ್ಟೆ. ಬಾಣಂತನದ ಗಂಜಿ ಬಿಟ್ಟರೆ, ಈ ಮನೆಗೆ ಬಂದ ಮೇಲೆ ಅತ್ತೆ ನನಗೆ ಅಂತ ತಾವಾಗಿ ಕೊಟ್ಟದ್ದು ಅದೊಂದೇ.

ತಂಡ ಬರುವ ಹಿಂದಿನ ದಿನ ದೊಡ್ಡಪ್ಪ ಎಲ್ಲರಿಗೂ ಮಾತು ಕಲಿಸಿದರು. ಯಾರು ಏನು ಕೇಳಿದರೂ ಎಲ್ಲ ಒಣಗಿಹೋಯಿತು, ನಾವು ಹಾಳಾದೆವು ಅನ್ನಬೇಕು. ಬೇರೆ ಒಂದಕ್ಷರ ಮಾತಾಡಬಾರದು. ಮಾರನೆಯ ದಿನ ಶ್ರೀರಂಗಪಟ್ಟಣದ ಕಡೆಯಿಂದ ಸಾಲಾಗಿ ಕಾರುಗಳು ಬಂದವು. ಹಿಂದೆ ಪೊಲೀಸ್ ಜೀಪು, ಪೇಪರಿನವರ ವ್ಯಾನು. ಊರಿಗೆ ಊರೇ ಗದ್ದೆ ಬಳಿ ನೆರೆದಿತ್ತು. ಗದ್ದೆಗೆ ಇಳಿಯುವ ಮೊದಲು ನಮ್ಮವರೆಲ್ಲ ಎಂದಿನಂತೆ ಚಪ್ಪಲಿಯನ್ನು ರಸ್ತೆಯಂಚಿನಲ್ಲಿ ಬಿಟ್ಟರು.

ದಿಲ್ಲಿಯ ದೊಡ್ಡ ಅಧಿಕಾರಿ ತೆಳ್ಳಗಿನ, ಬಿಳಿ ಗಡ್ಡದ ಮನುಷ್ಯ. ನಾನು ರಾಕ್ಷಸನನ್ನೇ ನಿರೀಕ್ಷಿಸಿದ್ದೆ, ಇವರು ನೋಡಿದರೆ ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರ ಹಾಗಿದ್ದರು. ಬಗ್ಗಿ ಒಂದು ಭತ್ತದ ದಂಟು ಹಿಡಿದು ಮುರಿದರು. ಬಿರುಕಿನೊಳಗೆ ಬೆರಳು ಇಳಿಸಿ ನೋಡಿದರು. ನಮ್ಮ ರಾಜ್ಯದ ನೀರಾವರಿ ಇಂಜಿನಿಯರ್ ಒಬ್ಬರು ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಈಗ ನೀರು ಬಿಟ್ಟರೆ ಈ ಬೆಳೆ ಉಳಿಯುತ್ತದೆಯೇ ಎಂದು ಅಧಿಕಾರಿ ಕೇಳಿದ್ದಕ್ಕೆ ದೊಡ್ಡಪ್ಪ ಮುಂದೆ ನುಗ್ಗಿ, ತಾವೇ ಊರಿಗೆ ಕಲಿಸಿದ್ದನ್ನು ಇನ್ನೂ ಜೋರು ಮಾಡಿ ಹೇಳಿದರು.

"ಎಲ್ಲಾ ಸುಟ್ಟೋಯ್ತು ಸ್ವಾಮಿ. ಇನ್ ನೀರ್ ಬುಟ್ರೂ ಒಂದ್ ಕಾಳ್ ಸಿಗಾಕಿಲ್ಲ."

ಅಧಿಕಾರಿ ಪಾಪ ಅನ್ನುವ ಹಾಗೆ ತಲೆಯಾಡಿಸಿದರು. ಪಕ್ಕದಲ್ಲಿದ್ದವನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಅವನು ಬರೆದುಕೊಂಡ. ಇಂಜಿನಿಯರ್ ದೊಡ್ಡಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಏನು ಮಾಡಿಬಿಟ್ಟಿರಿ ಎಂದು ಹಲ್ಲು ಕಚ್ಚಿ ಅಂದರು. ಈ ಭಾಗದ ಬೆಳೆ ಆಗಲೇ ಸತ್ತಿದೆ, ಸತ್ತ ಬೆಳೆಗೆ ನೀರು ಬೇಕಿಲ್ಲ, ಇಲ್ಲಿಯ ಪಾಲನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದು ಅಧಿಕಾರಿ ಬರೆಸಿದರಂತೆ. ಹಿಂದಿನ ಊರಿನಲ್ಲೂ ಒಣಗಿದ್ದನ್ನೇ ತೋರಿಸಿದರು, ಅಲ್ಲೂ ಹೀಗೇ ಬರೆಸಿದರಂತೆ. ಕರುಳು ಚುರುಕ್ ಅಂದಿತ್ತು, ಸುಳ್ಳಲ್ಲ. ಆದರೆ ಸತ್ತವರ ಮನೆಗೆ ಬಂದು ಸಮಾಧಾನ ಹೇಳಿ ಹೋಗುವ ಹಾಗೆ ಹೊರಟಿದ್ದರು ಅವರು.

ದೊಡ್ಡಪ್ಪ ಮತ್ತೆ ಅಧಿಕಾರಿಯ ಬಳಿ ಓಡಿ, ನೀರು ಬೇಕು, ಬೇಕು ಅಂದರು. ಈಗತಾನೇ ಬೇಡ ಅಂದವನು ಈಗ ಬೇಕು ಅನ್ನುತ್ತಾನಲ್ಲ ಎಂದು ಅಧಿಕಾರಿಗೂ ಅನುಮಾನ ಹತ್ತಿತು. ಅವರು ಒಣಗಿದ ಗದ್ದೆಯನ್ನೊಮ್ಮೆ, ನಮ್ಮವರ ಮುಖವನ್ನೊಮ್ಮೆ ನೋಡಿದ ನೋಟ ನನಗೆ ಗುರುತಿತ್ತು. ನಾನು ಅಕ್ಕಿ ಕೇಳಲು ಹೋದಾಗ ಅತ್ತೆ ನನ್ನನ್ನು ನೋಡುತ್ತಿದ್ದದ್ದು ಹಾಗೆಯೇ. ಅವರು ಕಾರಿನ ಕಡೆ ತಿರುಗಿದರು.

ಅತ್ತೆ ನನ್ನ ಮುಖ ನೋಡಿದರು. ಏನು ಯೋಚಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಬೇಡ ಎಂದು ತಲೆಯಾಡಿಸಿದೆ, ಅವರ ಸೆರಗು ಹಿಡಿದುಕೊಂಡೆ. ಹಾಳಾಗಿ ಹೋಗಲಿ ಇವರ ಊರು, ಇವರ ಮಾನ, ಆ ಮೂಲೆ ಒಂದು ಉಳಿಯಲಿ ಎಂದೇ ನನ್ನ ಮನಸ್ಸಿನಲ್ಲಿದ್ದದ್ದು. ಅವರು ಸೆರಗು ಬಿಡಿಸಿಕೊಂಡು ಇಂಜಿನಿಯರ್ ಮುಂದೆ ಹೋಗಿ ನಿಂತರು.

"ಅವ್ರಿಗೆ ಯೋಳಿ ಸ್ವಾಮಿ, ಜೀವ ಇರೋದು ಐತೆ. ನಾನ್ ತೋರಿಸ್ತೀನಿ. ಆದ್ರೆ ಬದಿನ್ ಮ್ಯಾಲೇ ಬರ್ಬೇಕು. ಒಬ್ಬೊಬ್ರಾಗಿ."

ಅಧಿಕಾರಿ ಬಂದರು. ಹೇಳಿದ ಹಾಗೆ ಬದುವಿನ ಮೇಲೇ, ಒಂದೊಂದೇ ಹೆಜ್ಜೆ ಇಟ್ಟುಕೊಂಡು. ಮೂಲೆಯ ತಾಕು ಕಂಡಾಗ ಅವರ ಮುಖ ಅರಳಿತು. ಸುತ್ತ ಒಣಗಿ ಇದೊಂದು ಹೇಗೆ ಹಸಿರಾಗಿದೆ ಎಂದು ಕೇಳಿದರು. ಹಿಂದೆ ನಿಂತಿದ್ದ ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತೂಬು ಮುಚ್ಚಿದ ಗುಟ್ಟು ಈಗ ಹೊರಬೀಳುತ್ತದೆ ಎಂದು. ಅತ್ತೆ ತೂಬಿನ ಸುದ್ದಿ ಎತ್ತಲೇ ಇಲ್ಲ. ಕೊಡದಲ್ಲಿ ನೀರು ಹೊತ್ತು ಹಾಕಿದ್ದೇವೆ, ನಾನು ಮತ್ತೆ ನನ್ನ ಸೊಸೆ ಎಂದು ನನ್ನ ಕಡೆ ಕೈ ತೋರಿಸಿದರು. ಅಷ್ಟು ಜನರ ಮುಂದೆ ಅವರು ನನ್ನ ಸೊಸೆ ಎಂದ ರೀತಿಗೆ ನನಗೆ ಕಣ್ಣು ತುಂಬಿ ಬಂತು.

ಅಧಿಕಾರಿ ಒಂದು ಕಾಳನ್ನು ಉಗುರಲ್ಲಿ ಒತ್ತಿದರು. ಬಿಳಿಯ ಹಾಲು ಹೊರಬಂತು. ಇದು ಮಾಗಲು ಇನ್ನೂ ಎಷ್ಟು ನೀರು ಬೇಕು ಎಂದು ಕೇಳಿದರು. ಎರಡು ಸರದಿ ನೀರು ಸಿಕ್ಕಿದರೆ ಇದೂ ಬದುಕುತ್ತದೆ, ಒಳಗೆ ಇನ್ನೂ ಇಂಥ ಗದ್ದೆಗಳಿವೆ, ಅವೂ ಬದುಕುತ್ತವೆ ಎಂದು ಅತ್ತೆ ಹೇಳಿದರು. ಅಧಿಕಾರಿ ಮೊದಲು ಬರೆಸಿದ್ದನ್ನು ಹೊಡೆಸಿ, ಬೇರೆ ಬರೆಸಿದರು. ಬೆಳೆಗೆ ಜೀವವಿದೆ, ನೀರು ಬೇಕು ಎಂದು ಬರೆಸಿದ್ದಾರೆ ಎಂದು ಇಂಜಿನಿಯರ್ ಹಿಂದಕ್ಕೆ ತಿರುಗಿ ಕೂಗಿ ಹೇಳಿದರು. ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು.

ಅಧಿಕಾರಿಯ ಮುಖ ಸರಿಯಾಗಿ ಬೀಳಲಿ ಎಂದು ಕ್ಯಾಮೆರಾದವರಿಬ್ಬರು ತಾಕಿನೊಳಗೆ ಇಳಿದರು. ಅವರನ್ನು ಹಿಂದಕ್ಕೆ ತಳ್ಳಲು ಪೊಲೀಸಿನವನೊಬ್ಬ ಇಳಿದ. ಅಷ್ಟರಲ್ಲಿ, ಹಸಿರಿದೆಯಂತೆ, ಬರೆದುಕೊಂಡರಂತೆ ಎಂದು ಊರಿನವರೆಲ್ಲ ಖುಷಿಯಲ್ಲಿ ನುಗ್ಗಿಬಿಟ್ಟರು. ನಮ್ಮ ಗದ್ದೆಯನ್ನೂ ನೋಡಿ ಬನ್ನಿ ಎಂದು ಕರೆಯುವವರು, ಕೈಮುಗಿಯುವವರು, ತೆನೆ ಕಿತ್ತು ಅಧಿಕಾರಿಯ ಮುಖಕ್ಕೆ ಹಿಡಿದು ತೋರಿಸುವವರು. ದೊಡ್ಡಪ್ಪ ತಾಕಿನ ನಟ್ಟನಡುವೆ ನಿಂತು ಜೈಕಾರ ಕೂಗಿಸುತ್ತಿದ್ದರು. ಇಳಿಯಬೇಡಿ ಎಂದು ಅತ್ತೆ ಅರಚುತ್ತಿದ್ದದ್ದು, ನಾನು ಸಿಕ್ಕಿದವರ ಅಂಗಿ ಹಿಡಿದು ಎಳೆಯುತ್ತಿದ್ದದ್ದು ಯಾರಿಗೂ ಕಾಣಿಸಲಿಲ್ಲ. ಅಧಿಕಾರಿ ಬದುವಿನ ಮೇಲೇ ನಿಂತಿದ್ದು, ಬದುವಿನ ಮೇಲೇ ವಾಪಸು ಹೋದರು. ಕಾರು ಹೊರಟಿತು, ಜನ ಅದರ ಹಿಂದೆ ರಸ್ತೆಗೆ ಓಡಿದರು.

ಅವತ್ತು ಬರೆದುಕೊಂಡದ್ದರಿಂದ ನಮ್ಮ ನೀರು ಉಳಿಯಿತೋ, ಅದು ದಿಲ್ಲಿಯವರೆಗೆ ಹೋಯಿತೋ ಇಲ್ಲವೋ ಎಂಬುದರಲ್ಲಿ ನಮ್ಮೂರಿನಲ್ಲಿ ಇವತ್ತಿಗೂ ಎರಡು ಮಾತಿದೆ. ನಾನಂತೂ ಯಾವುದನ್ನೂ ನಂಬುವುದಿಲ್ಲ. ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕಂಡದ್ದು ಆ ತಾಕು ಮಾತ್ರ. ನಾವೇ ನೀರು ಹೊತ್ತು ಹದವಾಗಿಟ್ಟಿದ್ದ ಕೆಸರು. ಅದರೊಳಗೆ ದಂಟೆಲ್ಲ ಮುರಿದು ಹೂತುಹೋಗಿತ್ತು. ಒಂದೆರಡು ತೆನೆ ಎತ್ತಿ ನೋಡಿದೆ. ಹಾಲುಗಾಳು, ಕೊಯ್ದಿಟ್ಟರೆ ಒಣಗಿ ಜೊಳ್ಳಾಗುತ್ತದೆ, ಮೊಳೆಯುವುದಿಲ್ಲ. ನಿಂತಿದ್ದ ಒಂದು ಬುಡವೂ ಇರಲಿಲ್ಲ.

ಅತ್ತೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಅಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಅವರ ಬೆನ್ನ ಮೇಲೆ ಕೈ ಇಟ್ಟೆ, ಸುಮ್ಮನೆ ಇಡಿಸಿಕೊಂಡರು. ಶಿವಲಿಂಗಯ್ಯ ದೊಡ್ಡಪ್ಪ ರಸ್ತೆಯಿಂದ ನಗುನಗುತ್ತಾ ವಾಪಸು ಬಂದರು. ಊರಿನ ಮಾನ ಉಳಿಸಿದೆ ತಾಯಿ, ದಿಲ್ಲಿಯವರ ಕೈಲೇ ಹೊಡೆಸಿ ಬರೆಸಿದೆ ಎಂದು ಹೊಗಳುತ್ತಾ ಹತ್ತಿರ ಬಂದವರಿಗೆ ತಾಕು ಕಾಣಿಸಿತು. ಯಾವನು ತುಳಿದದ್ದು ಇದನ್ನು, ಆ ಪೊಲೀಸಿನವರಾ, ಪೇಪರಿನವರಾ ಎಂದು ಸಿಟ್ಟಿನಿಂದ ಕೇಳಿದರು.

ಅತ್ತೆ ಕೆಸರನ್ನೇ ನೋಡುತ್ತಾ ಕೈ ಚಾಚಿ ಒಂದೊಂದೇ ಗುರುತು ತೋರಿಸಿದರು.

"ಇದು ಬೂಟು. ಅಗಾ, ಅದೊಂದು ಬೂಟು. ಮಿಕ್ಕಿದ್ದೆಲ್ಲ ಬರಿಗಾಲು ಬಾವ."

ದೊಡ್ಡಪ್ಪ ತಲೆ ತಗ್ಗಿಸಿದರು. ಅವರ ಪಾದದ ಕೆಸರು ಇನ್ನೂ ಹಸಿಯಾಗಿತ್ತು.